ಇಪ್ಪತ್ತೈದು ಸಾವಿರದೊಳಗೆ ಅಡುಗೆಮನೆಯ ನಡುಗಟ್ಟೆ: ನಾವೇ ಮಾಡಿಸಿಕೊಳ್ಳಲು ಸಾಧ್ಯವೇ?

ಒಗ್ಗರಣೆ_ಮೈಸೂರು ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿರುವ ನಮ್ಮ ಮನೆಯ ಅಡುಗೆಕೋಣೆ ಪೂರ್ವ-ಪಶ್ಚಿಮವಾಗಿ 11 ಅಡಿ ಅಗಲ, ಉತ್ತರ-ದಕ್ಷಿಣವಾಗಿ 13 ಅಡಿ ಉದ್ದವಿದೆ. ಪೂರ್ವದ ಗೋಡೆಗೂ ದಕ್ಷಿಣದ ಗೋಡೆಗೂ ಸೇರಿದಂತೆ 2 ಅಡಿ ಅಗಲದ ಕಪ್ಪು ಗ್ರಾನೈಟಿನ ಕಟ್ಟೆ ಇದೆ. ಒಲೆ ದಕ್ಷಿಣದಲ್ಲಿದೆ, ಪಾತ್ರೆ ತೊಳೆಯುವ ತೊಟ್ಟಿ (ಸಿಂಕ್) ಪೂರ್ವದಲ್ಲಿದೆ. ಬಾಗಿಲು ಉತ್ತರದ ಗೋಡೆಯಲ್ಲಿ, ಪೂರ್ವದ ಮೂಲೆಗೆ ಹತ್ತಿರವಾಗಿದೆ. ಪಶ್ಚಿಮದ ಗೋಡೆಯ ನಡುಭಾಗದಲ್ಲಿ ಫ್ರಿಜ್ ನಿಂತಿದೆ. ಉಳಿದ ಜಾಗವೆಲ್ಲ ಖಾಲಿ ನೆಲವೇ ಆಗಿರುವುದರಿಂದ, ತರಕಾರಿ ಹೆಚ್ಚುವುದಕ್ಕೆ, ಚಪಾತಿ ಲಟ್ಟಿಸುವುದಕ್ಕೆ ಮತ್ತು ಬೆಳಿಗ್ಗೆ ಮಕ್ಕಳಿಬ್ಬರು ಕುಳಿತು ತಿಂಡಿ ತಿನ್ನುವುದಕ್ಕೆ ಅನುಕೂಲವಾಗುವಂತೆ ಕೋಣೆಯ ನಡುವೆ ಒಂದು ಕಿಚನ್ ಐಲ್ಯಾಂಡ್ ಮಾಡಿಸಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ನನ್ನ ಅತ್ತೆಯವರು ಇದಕ್ಕೆ ಈಗಾಗಲೇ 'ನಡುಗಟ್ಟೆ' ಎಂದು ಹೆಸರಿಟ್ಟುಬಿಟ್ಟಿದ್ದಾರೆ.

ಮಾಡ್ಯುಲರ್ ಕಿಚನ್ ಮಾಡುವವರೊಬ್ಬರನ್ನು ಕರೆಸಿ ಕೇಳಿದಾಗ ಅವರು 1,20,000 ರೂಪಾಯಿಯ ಅಂದಾಜು ಕೊಟ್ಟರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಹೊಳೆಯುವ ಬಾಗಿಲುಗಳಿಗೆ ಮತ್ತು ತಾನಾಗಿಯೇ ಮುಚ್ಚಿಕೊಳ್ಳುವ ಡ್ರಾಯರ್‌ಗಳಿಗೆ ಹೋಗುತ್ತಿತ್ತು. ನಮ್ಮ ಕೈಯಲ್ಲಿರುವುದು ಹೆಚ್ಚೆಂದರೆ 25,000. ನನ್ನ ಪತಿಗೆ ಡ್ರಿಲ್ ಹಿಡಿಯಲು ಬರುತ್ತದೆ. ಉಳಿದದ್ದಕ್ಕೆ ಬಡಗಿಯನ್ನೋ ವೆಲ್ಡರನ್ನೋ ಕರೆಯಬೇಕಾಗುತ್ತದೆ. ಮನೆಯಲ್ಲಿ ಅಜ್ಜನ ಕಾಲದ ಹಲಸಿನ ಮರದ ಊಟದ ಮೇಜೊಂದಿದೆ. ಅದರ ಉದ್ದ 5 ಅಡಿ, ಅಗಲ 3 ಅಡಿ, ಎತ್ತರ 30 ಅಂಗುಲ. ಅದನ್ನೇ ಕತ್ತರಿಸಿ ಬಳಸಬಹುದೇ ಎಂಬುದು ಒಂದು ಪ್ರಶ್ನೆ. ಒಲೆಯನ್ನೂ ನಡುಗಟ್ಟೆಯ ಮೇಲಕ್ಕೆ ತರಬಹುದೇ ಎಂಬುದು ಇನ್ನೊಂದು. ಸ್ವತಃ ಮಾಡಿ ನೋಡಿದವರು ದಯವಿಟ್ಟು ವಿವರವಾಗಿ ತಿಳಿಸಿ.

ಉಳಿ_ಸುತ್ತಿಗೆ ಅವರ ಉತ್ತರ

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಚಿಕ್ಕದು: ಒಲೆಯನ್ನು ಅಲ್ಲಿಗೆ ತರಬೇಡಿ. ಸಿಲಿಂಡರಿನಿಂದ ಒಲೆಗೆ ಹೋಗುವ ಸುರಕ್ಷಾ ಕೊಳವೆಯ ಉದ್ದ ಒಂದೂವರೆ ಮೀಟರ್ ಮಾತ್ರ. ಅದನ್ನು ಜೋಡಿಸಿ ಉದ್ದ ಮಾಡುವಂತಿಲ್ಲ, ನೆಲದ ಮೇಲೆ ಜನ ಓಡಾಡುವಲ್ಲಿ ಎಳೆಯುವಂತೆಯೂ ಇಲ್ಲ. ನಡುಗಟ್ಟೆಯೊಳಗೇ ಸಿಲಿಂಡರ್ ಇಟ್ಟರೆ ಗಾಳಿಯಾಡಲು ಕೆಳಭಾಗದಲ್ಲಿ ತೆರಪು ಬೇಕು, ಏಕೆಂದರೆ ಅಡುಗೆ ಅನಿಲ ಗಾಳಿಗಿಂತ ಭಾರವಾಗಿದ್ದು ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ. ತಾಮ್ರದ ಕೊಳವೆಯನ್ನು ನೆಲದಡಿ ತರುವುದಾದರೆ ಟೈಲ್ಸ್ ಒಡೆಯಬೇಕು. ಮೇಲೆ ಹೊಗೆ ಎಳೆಯುವ ಚಿಮಣಿಯೂ ಸೂರಿನಿಂದ ಇಳಿಯಬೇಕು. ನಿಮ್ಮ 25,000 ಅಲ್ಲಿಯೇ ಮುಗಿದುಹೋಗುತ್ತದೆ. ತೊಟ್ಟಿಯ ವಿಷಯವೂ ಹಾಗೆಯೇ: ಕೊಳಚೆ ನೀರು ಇಳಿಜಾರಿನಲ್ಲಿ ಹರಿದು ಹೊರಗೆ ಹೋಗಬೇಕಾದರೆ ನೆಲದಡಿ ದಾರಿ ಬೇಕು. ಕಟ್ಟಿ ಮುಗಿಸಿದ ಮನೆಯಲ್ಲಿ ಅದು ಕೈಗೆಟುಕುವ ಮಾತಲ್ಲ. ಕಡಿಮೆ ಖರ್ಚಿನ ನಡುಗಟ್ಟೆ ಎಂದರೆ ಬೆಂಕಿಯೂ ನೀರೂ ಇಲ್ಲದ ಕಟ್ಟೆ ಎಂದು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನ ಕೆಲಸವೆಲ್ಲ ಸರಳ.

ಇನ್ನು ಜಾಗದ ಲೆಕ್ಕ. ನಿಮ್ಮ ಕೋಣೆ ದೊಡ್ಡದೆಂದು ಕಾಣುತ್ತದೆ, ಆದರೆ ಫ್ರಿಜ್ ಇರುವ ಸ್ಥಳ ಅದನ್ನು ಚಿಕ್ಕದಾಗಿಸಿದೆ. ಪೂರ್ವದ ಕಟ್ಟೆ 2 ಅಡಿ ತೆಗೆದುಕೊಂಡ ಮೇಲೆ 9 ಅಡಿ ಉಳಿಯುತ್ತದೆ. ಫ್ರಿಜ್ ತನ್ನ ಹಿಂದಿನ ಗಾಳಿಯ ತೆರಪು ಮತ್ತು ಮುಂದಿನ ಹಿಡಿಕೆ ಸೇರಿ ಎರಡೂವರೆ ಅಡಿ ನುಂಗುತ್ತದೆ. ಉಳಿಯುವುದು ಆರೂವರೆ ಅಡಿ. ಅದರ ನಡುವೆ ಎರಡೂವರೆ ಅಡಿಯ ನಡುಗಟ್ಟೆ ಇಟ್ಟರೆ ಎರಡೂ ಬದಿಗೆ ತಲಾ 2 ಅಡಿಯ ಓಣಿ. ಫ್ರಿಜ್ ಬಾಗಿಲು ತೆರೆದರೆ ಮನುಷ್ಯ ನಿಲ್ಲಲು ಸ್ಥಳವಿರುವುದಿಲ್ಲ. ಕಟ್ಟೆಯ ಮುಂದೆ ಒಬ್ಬರು ನಿಂತು ಕೆಲಸ ಮಾಡಲು ಕನಿಷ್ಠ 3 ಅಡಿ ಬೇಕು. ಒಬ್ಬರು ಒಲೆಯ ಮುಂದಿರುವಾಗ ಇನ್ನೊಬ್ಬರು ಬಿಸಿ ಪಾತ್ರೆ ಹಿಡಿದು ಹಿಂದಿನಿಂದ ದಾಟುವಂತಿದ್ದರೆ ಮೂರೂವರೆ ಅಡಿಗಿಂತ ಕಡಿಮೆ ಮಾಡಬಾರದು.

ಆದ್ದರಿಂದ ನೀವು ಮಾಡಬೇಕಾದ ಮೊದಲ ಕೆಲಸಕ್ಕೆ ಬಡಗಿ ಬೇಡ. ಫ್ರಿಜ್ಜನ್ನು ಪಶ್ಚಿಮ ಗೋಡೆಯ ಉತ್ತರದ ತುದಿಗೆ, ಮೂಲೆಗೆ ಸರಿಸಿ. ಆಗ ದಕ್ಷಿಣದ ಕಟ್ಟೆಯಿಂದ ಮೂರೂವರೆ ಅಡಿ, ಪೂರ್ವದ ಕಟ್ಟೆಯಿಂದ ಮೂರೂವರೆ ಅಡಿ ಬಿಟ್ಟು, ನಾಲ್ಕೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲದ ನಡುಗಟ್ಟೆಯನ್ನು ಇಟ್ಟರೆ ಪಶ್ಚಿಮಕ್ಕೂ ಉತ್ತರಕ್ಕೂ ತಲಾ 3 ಅಡಿ ಉಳಿಯುತ್ತದೆ. ಫ್ರಿಜ್ಜಿನ ಬಾಗಿಲು ಉತ್ತರದ ಆ 3 ಅಡಿಯೊಳಗೆ ತೆರೆದುಕೊಳ್ಳುತ್ತದೆ, ನಡುಗಟ್ಟೆಗೆ ಬಡಿಯುವುದಿಲ್ಲ. ಮಕ್ಕಳು ಪಶ್ಚಿಮದ ಬದಿಯಲ್ಲಿ ಕುಳಿತುಕೊಳ್ಳಲಿ, ಏಕೆಂದರೆ ಅದು ಯಾರೂ ನಡೆದಾಡಬೇಕಾದ ದಾರಿಯಲ್ಲ.

ಎರಡನೆಯ ಕೆಲಸಕ್ಕೂ ಬಡಗಿ ಬೇಡ. ಅಜ್ಜನ ಮೇಜನ್ನು ಕತ್ತರಿಸಬೇಡಿ. ಹಲಸಿನ ಹಳೆಯ ಮರ ಈಗ ಆ ಅಗಲದಲ್ಲಿ ಸುಲಭವಾಗಿ ಸಿಗುವುದಿಲ್ಲ, ಮತ್ತು ಒಮ್ಮೆ ಗರಗಸ ಹಾಕಿದರೆ ಹಿಂದಕ್ಕೆ ಬರುವ ದಾರಿಯಿಲ್ಲ. ಅದನ್ನು ಹಾಗೆಯೇ ಹೊತ್ತು ತಂದು ಅಡುಗೆಮನೆಯ ನಡುವೆ ಇಟ್ಟು ಮೂರು ವಾರ ಅಡುಗೆ ಮಾಡಿ ನೋಡಿ. ಅದು ನಿಮಗೆ ಬೇಕಾದುದಕ್ಕಿಂತ ಅರ್ಧ ಅಡಿ ಅಗಲ, ಅರ್ಧ ಅಡಿ ಉದ್ದ ಹೆಚ್ಚಿದೆ ಎಂಬುದು ನಿಜ. ಆ ಹೆಚ್ಚುವರಿಯೇ ನಿಮಗೆ ಎಲ್ಲಿ ಸೊಂಟ ತಗಲುತ್ತದೆ ಎಂದು ಹೇಳಿಕೊಡುತ್ತದೆ. ನಾನು ಶಿರಸಿಯ ನನ್ನ ಮನೆಯಲ್ಲಿ ಮೊದಲ ನಡುಗಟ್ಟೆಯನ್ನು ಕಾಗದದ ಮೇಲಿನ ನಕ್ಷೆ ನಂಬಿ ಮಾಡಿದೆ. ಎರಡನೆಯದನ್ನು ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆದು, ಆ ಗೆರೆಯೊಳಗೆ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ, ಹದಿನೈದು ದಿನ ಓಡಾಡಿದ ಮೇಲೆ ಮಾಡಿದೆ. ಮೊದಲನೆಯದು ಈಗ ಕೊಟ್ಟಿಗೆಯಲ್ಲಿ ಹಿಂಡಿಯ ಚೀಲಗಳಿಗೆ ಆಸರೆಯಾಗಿದೆ.

ಪ್ಲೈವುಡ್ಡಿನಲ್ಲಿ ಮಾಡುವುದಾದರೆ ಒಂದು ಮಾತು. ಅಂಗಡಿಯವರು 'ವಾಟರ್‌ಪ್ರೂಫ್' ಎಂದು ಬಾಯಿಯಲ್ಲಿ ಹೇಳುವುದನ್ನು ನಂಬದೆ ಹಾಳೆಯ ಮೇಲಿನ ಐಎಸ್‌ಐ ಗುರುತನ್ನು ಓದಿ. ಐಎಸ್ 303 ಎಂಬ ಸಂಖ್ಯೆಯ ಜೊತೆ ಎಂಆರ್ (ತೇವ ತಡೆಯುವಂಥದ್ದು) ಎಂದಿದ್ದರೆ ಅದು ಮಲಗುವ ಕೋಣೆಯ ಕಪಾಟಿಗೆ ಸಾಕು, ಅಡುಗೆಮನೆಗೆ ಸಾಲದು. ಬಿಡಬ್ಲ್ಯುಆರ್ (ಕುದಿಯುವ ನೀರನ್ನು ತಡೆಯುವಂಥದ್ದು) ಎಂದಿದ್ದರೆ ಅಡುಗೆಮನೆಗೆ ತಕ್ಕುದು. ಐಎಸ್ 710 ಎಂದಿದ್ದರೆ ಅದು 72 ಗಂಟೆ ಕುದಿಯುವ ನೀರಿನ ಪರೀಕ್ಷೆಯನ್ನು ತಡೆದುಕೊಳ್ಳಬೇಕಾದ ಮರೈನ್ ದರ್ಜೆ. ತೊಟ್ಟಿಯಿಲ್ಲದ ನಡುಗಟ್ಟೆಗೆ ಅಷ್ಟು ದುಬಾರಿ ಹಾಳೆ ಬೇಕಿಲ್ಲ. ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಮಾತ್ರ ಖಂಡಿತ ಬೇಡ. ನಮ್ಮ ಮನೆಗಳಲ್ಲಿ ದಿನವೂ ಒದ್ದೆಬಟ್ಟೆಯಲ್ಲಿ ನೆಲ ಒರೆಸುತ್ತೇವೆ, ಹಬ್ಬಕ್ಕೆ ನೀರು ಚೆಲ್ಲಿ ತೊಳೆಯುತ್ತೇವೆ. ಆ ನೀರು ಕೆಳಗಿನ ಅಂಚಿನಿಂದ ಏರಿ ಹಲಗೆಯನ್ನು ಹಪ್ಪಳದಂತೆ ಉಬ್ಬಿಸುತ್ತದೆ. ಯಾವ ಹಲಗೆಯಾದರೂ ಸರಿ, ಅದು ನೆಲ ಮುಟ್ಟಬಾರದು. ನಾಲ್ಕು ಅಂಗುಲದ ಕಾಲುಗಳ ಮೇಲೆ ನಿಲ್ಲಿಸಿ, ಕತ್ತರಿಸಿದ ಅಂಚುಗಳಿಗೆಲ್ಲ ಎರಡು ಸಲ ಪ್ರೈಮರ್ ಬಳಿಸಿ, ಕಣ್ಣಿಗೆ ಕಾಣದ ಅಂಚುಗಳಿಗೂ ಬಳಿಸಿ. ಬಡಗಿಗಳು ಬಿಡುವುದು ಅವನ್ನೇ.

18 ಮಿಲಿಮೀಟರಿನ 8 ಅಡಿಗೆ 4 ಅಡಿಯ ಒಂದೇ ಹಾಳೆಯಲ್ಲಿ ನಿಮ್ಮ ಅಳತೆಯ ಪೆಟ್ಟಿಗೆ ಏಳುತ್ತದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಹಾಳೆಯನ್ನು ಉದ್ದಕ್ಕೆ ಸೀಳಿ 2 ಅಡಿಯ ಎರಡು ಪಟ್ಟಿ ಮಾಡಿ. ಮೊದಲ ಪಟ್ಟಿಯಲ್ಲಿ ನಾಲ್ಕೂವರೆ ಅಡಿಯ ತಳ, ಎರಡೂವರೆ ಅಡಿಯ ಒಂದು ಪಕ್ಕೆ. ಎರಡನೆಯ ಪಟ್ಟಿಯಲ್ಲಿ ಎರಡೂವರೆ ಅಡಿಯ ಇನ್ನೊಂದು ಪಕ್ಕೆ, ಅಷ್ಟೇ ಉದ್ದದ ನಡುಗೋಡೆ, ಉಳಿದ 3 ಅಡಿಯಲ್ಲಿ ಪಾತ್ರೆ ಇಡುವ ಒಂದು ಅರೆ (ಶೆಲ್ಫ್). ಪಕ್ಕೆಗಳ ಎತ್ತರವನ್ನು ನಿಮಗೆ ಬೇಕಾದಷ್ಟಕ್ಕೆ ಇಳಿಸಿಕೊಳ್ಳಬಹುದು. ಸೀಳುವ ಕೆಲಸವನ್ನು ಅಂಗಡಿಯ ಪ್ಯಾನೆಲ್ ಗರಗಸದಲ್ಲೇ ಮಾಡಿಸಿ. ಕೈಗರಗಸದಲ್ಲಿ ಅಂಚು ನೇರ ಬಾರದಿದ್ದರೆ ಮೂಲೆಗಳು ಕೂಡುವುದಿಲ್ಲ.

ಕಪ್ಪುಶಿಲೆ ಅವರ ಉತ್ತರ

ಮೇಲಿನವರು ಪ್ಲೈವುಡ್ ಪೆಟ್ಟಿಗೆಯ ಮಾತಾಡಿದ್ದಾರೆ. ನಾನು ಕಳೆದ ವರ್ಷ ಬೆಂಗಳೂರಿನ ನಮ್ಮ ಮನೆಗೆ ಕಬ್ಬಿಣದ ಚೌಕಟ್ಟಿನ ನಡುಗಟ್ಟೆ ಮಾಡಿಸಿದೆ. ಕಲ್ಲಿನ ಭಾರಕ್ಕೆ ಅದು ಹೆಚ್ಚು ನಂಬಿಕೆಯದು, ಗೆದ್ದಲಿನ ಚಿಂತೆಯೂ ಕಡಿಮೆ. ನನ್ನ ಲೆಕ್ಕವನ್ನು ಹಾಗೆಯೇ ಕೊಡುತ್ತೇನೆ. ಅಳತೆ ನಿಮಗೆ ಹೇಳಿದ್ದೇ, ಅಂದರೆ ಚೌಕಟ್ಟು ನಾಲ್ಕೂವರೆ ಅಡಿಗೆ 2 ಅಡಿ, ಮೇಲಿನ ಕಲ್ಲು ನಾಲ್ಕೂವರೆ ಅಡಿಗೆ ಎರಡೂವರೆ ಅಡಿ.

ಚೌಕಟ್ಟಿಗೆ 40 ಮಿಲಿಮೀಟರ್ ಚೌಕದ, 2 ಮಿಲಿಮೀಟರ್ ದಪ್ಪದ ಕಬ್ಬಿಣದ ಪೈಪು. 6 ಮೀಟರಿನ ಒಂದು ಉದ್ದ ಸುಮಾರು 14 ಕಿಲೋ ತೂಗುತ್ತದೆ, ಎರಡು ಉದ್ದ ಸಾಕು. ಒಂದರಲ್ಲಿ ಉದ್ದನೆಯ ನಾಲ್ಕು ಪಟ್ಟಿಗಳು, ಇನ್ನೊಂದರಲ್ಲಿ ಅಗಲದ ನಾಲ್ಕು ಪಟ್ಟಿಗಳು, ನಾಲ್ಕು ಕಾಲುಗಳು ಮತ್ತು ಕಲ್ಲಿನ ನಡುವಿಗೆ ಆಸರೆಯಾಗಿ ಒಂದು ಅಡ್ಡಪಟ್ಟಿ ಬರುತ್ತವೆ. ಪೈಪಿಗೆ 2,300 ರೂಪಾಯಿ, ವೆಲ್ಡಿಂಗಿಗೆ 3,000. ವೆಲ್ಡರ್ ನಾಲ್ಕು ಕಾಲುಗಳ ತುದಿಗೆ ಚಕ್ರ ಕೂರಿಸುವ ತಗಡುಗಳನ್ನು ಬೆಸೆದುಕೊಟ್ಟರು. ಕೆಳಗಿನ ಅರೆಗೂ ಎರಡು ಪಕ್ಕದ ಮುಚ್ಚಿಗೆಗೂ ಒಂದು ಹಾಳೆ ಬಿಡಬ್ಲ್ಯುಆರ್ ಪ್ಲೈವುಡ್‌ಗೆ 3,000, ಲ್ಯಾಮಿನೇಟಿಗೆ 1,500, ಬಡಗಿಯ ಎರಡು ದಿನದ ಕೂಲಿ 2,400. ತುಕ್ಕು ತಡೆಯುವ ರೆಡ್ ಆಕ್ಸೈಡ್, ಬಣ್ಣ, ಕಲ್ಲು ಅಂಟಿಸುವ ಸಿಲಿಕೋನ್ ಎಲ್ಲ ಸೇರಿ 900. ನಾಲ್ಕು ಚಕ್ರಗಳಿಗೆ 1,400.

ಕಲ್ಲಿನಲ್ಲೇ ನಾನು ಹಣ ಉಳಿಸಿದ್ದು. ಅಂಗಡಿಗೆ ಹೋಗಿ ಪೂರ್ತಿ ಹಲಗೆ ಕೇಳಿದರೆ ಅವರು ಪೂರ್ತಿ ಹಲಗೆಯ ಬೆಲೆಯನ್ನೇ ಹೇಳುತ್ತಾರೆ. ಆದರೆ ಜಿಗಣಿಯ ಕಡೆ ಇರುವಂತಹ ದೊಡ್ಡ ಗ್ರಾನೈಟ್ ಅಂಗಳಗಳಲ್ಲಿ, ಬೇರೆಯವರ ಅಡುಗೆಕಟ್ಟೆಗೆ ಕತ್ತರಿಸಿ ಮಿಕ್ಕ ತುಂಡುಗಳನ್ನು ಗೋಡೆಗೆ ಒರಗಿಸಿಟ್ಟಿರುತ್ತಾರೆ. ನಡುಗಟ್ಟೆಗೆ ಬೇಕಾದದ್ದು ಒಂದೇ ತುಂಡು, ಅದೂ ಗೋಡೆಗೆ ತಾಗದ ತುಂಡು. ಹಾಗಾಗಿ ಅದು ಈಗಿರುವ ಕಟ್ಟೆಯ ಬಣ್ಣಕ್ಕೆ ಹೊಂದಲೇಬೇಕೆಂದಿಲ್ಲ. ನನಗೆ ಚಾಮರಾಜನಗರದ ಕಪ್ಪು ಶಿಲೆಯ ತುಂಡೊಂದು ಚದರ ಅಡಿಗೆ 120ರಂತೆ ಸಿಕ್ಕಿತು. ಹನ್ನೊಂದೂಕಾಲು ಚದರ ಅಡಿಗೆ 1,350. ನಾಲ್ಕೂ ಅಂಚು ಕಾಣುವುದರಿಂದ ನಾಲ್ಕಕ್ಕೂ ಪಾಲಿಶ್ ಮಾಡಿಸಬೇಕು: 14 ಅಡಿಗೆ 840. ಸಾಗಣೆಗೆ 600. ಎಲ್ಲ ಸೇರಿ 17,290. ನಿಮ್ಮೂರಿನ ದರಗಳು ಬೇರೆಯಿರಬಹುದು, ಆದರೆ 25,000 ಮೀರಲಾರದು.

ಕಲ್ಲಿನ ಆಯ್ಕೆಯಲ್ಲಿ ಒಂದು ಎಚ್ಚರ. ಕಡಪ ಕಲ್ಲು, ಶಹಾಬಾದ್ ಕಲ್ಲು, ಕೋಟಾ ಕಲ್ಲು ಇವೆಲ್ಲ ಗ್ರಾನೈಟಿಗಿಂತ ಅಗ್ಗವೆಂದು ಆಸೆಪಡುವವರಿದ್ದಾರೆ. ಇವು ಸುಣ್ಣದ ಕಲ್ಲುಗಳು. ನಿಂಬೆಹಣ್ಣು ಹಿಂಡಿದ ಹನಿ, ಹುಣಸೆಹುಳಿಯ ಗಿಣ್ಣಲು ಇಟ್ಟ ಗುರುತು, ಮೊಸರು ಚೆಲ್ಲಿದ ಜಾಗ, ಎಲ್ಲವೂ ಅವುಗಳ ಹೊಳಪನ್ನು ತಿಂದು ಬಿಳಿ ಕಲೆ ಬಿಡುತ್ತವೆ. ಸಾರು, ಗೊಜ್ಜು, ಚಿತ್ರಾನ್ನ ಮಾಡುವ ಮನೆಗೆ ಅವು ನೆಲಕ್ಕೆ ಸರಿ, ಕೆಲಸದ ಕಟ್ಟೆಗೆ ಅಲ್ಲ. ಬಿಳಿ ಅಮೃತಶಿಲೆಯೂ ಇದೇ ಜಾತಿಯದು. ಕಪ್ಪು ಬೇಡವೆಂದರೆ ಇಳಕಲ್ಲಿನ ಕೆಂಪು ಗ್ರಾನೈಟೋ ಸಾದರಹಳ್ಳಿಯ ಬೂದು ಗ್ರಾನೈಟೋ ನೋಡಿ.

ಭಾರದ ಲೆಕ್ಕವನ್ನು ಮರೆಯಬೇಡಿ. 20 ಮಿಲಿಮೀಟರ್ ದಪ್ಪದ ಗ್ರಾನೈಟ್ ಚದರ ಅಡಿಗೆ ಸುಮಾರು 5 ಕಿಲೋ ತೂಗುತ್ತದೆ, ಅಂದರೆ ಈ ಒಂದು ತುಂಡೇ 56 ಕಿಲೋ. ಚೌಕಟ್ಟು 29, ಹಲಗೆಗಳು 30, ಕೆಳಗೆ ಇಡುವ ಪಾತ್ರೆ, ಡಬ್ಬಿ, ಅಕ್ಕಿ ಮತ್ತು ಕುಕ್ಕರ್ ಸುಮಾರು 45: ಒಟ್ಟು 160 ಕಿಲೋ. ನಾಲ್ಕು ಚಕ್ರಗಳಿದ್ದರೆ ತಲಾ 40 ಎಂದು ಭಾಗಿಸುವುದು ತಪ್ಪು, ಏಕೆಂದರೆ ನಮ್ಮ ನೆಲಗಳು ಎಂದೂ ಪೂರ್ತಿ ಸಮವಿರುವುದಿಲ್ಲ ಮತ್ತು ಉರುಳುವಾಗ ಹೆಚ್ಚಿನ ವೇಳೆ ಮೂರು ಚಕ್ರಗಳೇ ಭಾರ ಹೊರುತ್ತವೆ. ಮೂರರಿಂದ ಭಾಗಿಸಿ. ಚಕ್ರವೊಂದು 60 ಕಿಲೋಗಿಂತ ಹೆಚ್ಚು ತಡೆಯುವಂತಿರಲಿ, ಗಟ್ಟಿ ನೈಲಾನಿನ ಬದಲು ಟೈಲ್ಸ್ ಗೀರದ ಪಾಲಿಯುರಿಥೇನ್ ಹೊದಿಕೆಯಿರಲಿ, ಮತ್ತು ನಾಲ್ಕಕ್ಕೂ ಉರುಳದಂತೆ ತಡೆಯುವ ಬೀಗವಿರಲಿ. ಎರಡಕ್ಕೆ ಮಾತ್ರ ಬೀಗ ಹಾಕಿಸಿದರೆ, ಚಪಾತಿ ಲಟ್ಟಿಸುವಾಗ ಕಟ್ಟೆ ಮೆಲ್ಲಗೆ ತಿರುಗುತ್ತಲೇ ಹೋಗುತ್ತದೆ. ಇದನ್ನು ನಾನು ಅನುಭವಿಸಿ ಆಮೇಲೆ ಉಳಿದೆರಡನ್ನೂ ಬದಲಾಯಿಸಿದೆ.

ಮಕ್ಕಳು ಕುಳಿತುಕೊಳ್ಳುವ ಬದಿಯಲ್ಲಿ ಕಲ್ಲು ಚೌಕಟ್ಟಿನಿಂದ 6 ಅಂಗುಲ ಹೊರಗೆ ಚಾಚಿರುತ್ತದೆ. 20 ಮಿಲಿಮೀಟರಿನ ಕಲ್ಲಿಗೆ ಆಸರೆಯಿಲ್ಲದೆ ಅದಕ್ಕಿಂತ ಹೆಚ್ಚು ಚಾಚಬೇಡಿ. ಆದರೆ ಮೊಣಕಾಲಿಗೆ 6 ಅಂಗುಲ ಸಾಲದು. ಉಪಾಯವೆಂದರೆ ಆ ಬದಿಯನ್ನು ಹಲಗೆಯಿಂದ ಮುಚ್ಚದೆ ತೆರೆದಿಟ್ಟು, ಅರೆಯನ್ನು ಇನ್ನೂ 6 ಅಂಗುಲ ಒಳಕ್ಕೆ ಸರಿಸುವುದು. ಆಗ ಒಂದು ಅಡಿ ಸಿಗುತ್ತದೆ, ಮಕ್ಕಳಿಗೆ ಧಾರಾಳ.

ಆಸ್ಟಿನ್_ಕನ್ನಡಿಗ ಅವರ ಉತ್ತರ

ಟೆಕ್ಸಾಸಿನಿಂದ ಬರೆಯುತ್ತಿದ್ದೇನೆ. ಇಲ್ಲಿ ಈ ಕೆಲಸ ಬೇರೆ ರೀತಿಯಲ್ಲಿ ನಡೆಯುತ್ತದೆ, ಆದರೂ ಒಂದು ಪಾಠ ನಿಮಗೆ ನೇರವಾಗಿ ಅನ್ವಯಿಸುತ್ತದೆ. ಇಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ತಯಾರಾದ ಕೆಳಕಪಾಟುಗಳು ಸಿಗುತ್ತವೆ. ಎಲ್ಲವೂ ಮೂವತ್ತನಾಲ್ಕೂವರೆ ಅಂಗುಲ ಎತ್ತರ, 24 ಅಂಗುಲ ಆಳ. ಅಂತಹ ಎರಡನ್ನು ಬೆನ್ನಿಗೋ ಪಕ್ಕಕ್ಕೋ ಜೋಡಿಸಿ, ನೆಲಕ್ಕೆ ತಿರುಪು ಹಾಕಿದ ಮರದ ತುಂಡುಗಳ ಮೇಲೆ ಕವುಚಿದಂತೆ ಕೂರಿಸಿ, ಮೇಲೆ ಒಂದೂವರೆ ಅಂಗುಲದ ಮರದ ಹಲಗೆ ಹಾಕಿದರೆ 36 ಅಂಗುಲದ ಐಲ್ಯಾಂಡ್ ಸಿದ್ಧ. ನಾನು ಎರಡು ವಾರಾಂತ್ಯಗಳಲ್ಲಿ ಮುಗಿಸಿದೆ, ಹೆಮ್ಮೆಯಿಂದ ಚಿತ್ರಗಳನ್ನೂ ಊರಿಗೆ ಕಳಿಸಿದೆ.

ಆಮೇಲೆ ಅಮ್ಮ ಬಂದರು. ಅವರ ಎತ್ತರ 4 ಅಡಿ 11 ಅಂಗುಲ. ಅಕ್ಕಿರೊಟ್ಟಿ ತಟ್ಟಲು ನಿಂತರೆ ಕಟ್ಟೆ ಅವರ ಮೊಣಕೈ ಮಟ್ಟಕ್ಕೇ ಬರುತ್ತಿತ್ತು, ಅಂಗೈಯ ಭಾರ ಹಿಟ್ಟಿನ ಮೇಲೆ ಬೀಳುತ್ತಿರಲಿಲ್ಲ. ಎರಡನೆಯ ದಿನ ಅವರು ಊಟದ ಮೇಜಿಗೆ ಹೋದರು, ಮೂರನೆಯ ದಿನ ನೆಲದ ಮೇಲೆ ಮಣೆ ಹಾಕಿಕೊಂಡು ಕುಳಿತರು. ಹೆಚ್ಚುವ ಕೆಲಸಕ್ಕೆ ಮೊಣಕೈಗಿಂತ ನಾಲ್ಕೈದು ಅಂಗುಲ ಕೆಳಗಿರುವ ಮಟ್ಟ ಹಿತ; ನಾದುವ, ಲಟ್ಟಿಸುವ, ತಟ್ಟುವ ಕೆಲಸಕ್ಕೆ ಅದಕ್ಕಿಂತಲೂ ಕೆಳಗೆ ಬೇಕು. ಕೊನೆಗೆ ನಾನು ಕಪಾಟುಗಳ ಕೆಳಗಿನ ಪೀಠದಿಂದ 3 ಅಂಗುಲ ಕತ್ತರಿಸಿ ಇಳಿಸಿದೆ. ಹಲಗೆ ಬಿಚ್ಚಿ, ತಿರುಪು ತೆಗೆದು, ಮತ್ತೆ ಕೂರಿಸಲು ಮೂರನೆಯ ವಾರಾಂತ್ಯವೂ ಹೋಯಿತು. ನೀವು ಎತ್ತರವನ್ನು ಇಂಟರ್ನೆಟ್ಟಿನ ಚಿತ್ರಗಳಿಂದ ತೆಗೆದುಕೊಳ್ಳಬೇಡಿ. ಮನೆಯಲ್ಲಿ ಲಟ್ಟಣಿಗೆ ಹಿಡಿಯುವವರನ್ನು ನಿಲ್ಲಿಸಿ, ಮೊಣಕೈ ಮಡಿಸಿ, ಟೇಪು ಹಿಡಿಯಿರಿ. ಮೊಣಕೈಗಿಂತ ಎಷ್ಟು ಕೆಳಗಿದ್ದರೆ ಅವರಿಗೆ ಹಿತವೋ ಅದೇ ಕಟ್ಟೆಯ ಎತ್ತರ. ಚಕ್ರದ ಎತ್ತರವನ್ನೂ ಕಲ್ಲಿನ ದಪ್ಪವನ್ನೂ ಆ ಎತ್ತರದಿಂದ ಕಳೆದು, ಉಳಿದದ್ದನ್ನು ವೆಲ್ಡರಿಗೆ ಕೊಡಿ.

ಮರದ ಮೇಲ್ಹಲಗೆಯ ಬಗ್ಗೆ ಯಾರಾದರೂ ಯೋಚಿಸುತ್ತಿದ್ದರೆ: ಅರಿಸಿನದ ಕಲೆಗೆ ಹೆದರಬೇಡಿ, ಬಿಸಿಲು ಬೀಳುವ ಕಡೆ ಅದು ಕೆಲವು ದಿನಗಳಲ್ಲಿ ತಾನೇ ಮಾಸುತ್ತದೆ. ಕೊಬ್ಬರಿ ಎಣ್ಣೆ ಮಾತ್ರ ಹಚ್ಚಬೇಡಿ. ಅದು ಒಣಗುವ ಜಾತಿಯ ಎಣ್ಣೆಯಲ್ಲವಾದ್ದರಿಂದ ಮರದಲ್ಲೇ ಉಳಿದು ಕ್ರಮೇಣ ಕಮಟು ವಾಸನೆ ಹಿಡಿಯುತ್ತದೆ. ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುತ್ತದೆ. ಆದರೆ ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಿ ಬಿಸಾಡಿ.

ಮೀಟರ್_ಬೋರ್ಡ್ ಅವರ ಉತ್ತರ

ವಿದ್ಯುತ್ತಿನ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಚಿಕ್ಕದಾಗಿ ಬರೆಯುತ್ತೇನೆ. ನಡುಗಟ್ಟೆ ಮಾಡಿದ ಮರುದಿನವೇ ಅಲ್ಲಿಗೆ ಮಿಕ್ಸಿ ಬರುತ್ತದೆ, ಮಿಕ್ಸಿಯ ಹಿಂದೆಯೇ ನೆಲದ ಮೇಲೆ ಎಕ್ಸ್‌ಟೆನ್ಷನ್ ವೈರು ಬರುತ್ತದೆ. ಕುಕ್ಕರ್ ಹಿಡಿದು ನಡೆಯುವವರ ಕಾಲಿಗೆ ಅದು ಸಿಕ್ಕುವುದನ್ನು ತಪ್ಪಿಸಲು ಎರಡೇ ದಾರಿ. ನೆಲಹಾಸು ಹಾಕುವ ಮುನ್ನವೇ ಕೊಳವೆ ಹುದುಗಿಸಿರಬೇಕು, ಇಲ್ಲವೇ ಮಿಕ್ಸಿಯನ್ನು ಗೋಡೆಯ ಕಟ್ಟೆಯಲ್ಲೇ ಬಿಡಬೇಕು. ನಿಮ್ಮ ಮನೆ ಕಟ್ಟಿ ಮುಗಿದಿರುವುದರಿಂದ ಎರಡನೆಯದೇ ಸರಿ. 750 ವ್ಯಾಟಿನ ಮಿಕ್ಸಿ ಮೂರು ಆಂಪಿಯರಿಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ, ಸಾಮಾನ್ಯ 6 ಆಂಪಿಯರಿನ ಸಾಕೆಟ್ ಸಾಕು. ಆದರೆ 2,000 ವ್ಯಾಟಿನ ಇಂಡಕ್ಷನ್ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ, ಅದಕ್ಕೆ 16 ಆಂಪಿಯರಿನ ಸಾಕೆಟ್ಟೇ ಬೇಕು. ಅದನ್ನು ತೆಳು ವೈರಿನ ಎಕ್ಸ್‌ಟೆನ್ಷನ್ ಮೇಲೆ ನಡುಗಟ್ಟೆಯಲ್ಲಿ ಇಡುವ ಯೋಚನೆ ಇದ್ದರೆ ಈಗಲೇ ಬಿಡಿ. ಚೌಕಟ್ಟು ಕಬ್ಬಿಣದ್ದಾದ್ದರಿಂದ, ಮುಂದೆ ಎಂದಾದರೂ ಅದರ ಮೇಲೆ ಸಾಕೆಟ್ ಕೂರಿಸಿದರೆ ಚೌಕಟ್ಟಿಗೆ ಅರ್ಥಿಂಗ್ ಕೊಡಲೇಬೇಕು, ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್ಚು) ಇರಲೇಬೇಕು.

ಒಗ್ಗರಣೆ_ಮೈಸೂರು (ನಾಲ್ಕು ವಾರಗಳ ಬಳಿಕ)

ಎಲ್ಲರಿಗೂ ಕೃತಜ್ಞತೆಗಳು. ಉಳಿ_ಸುತ್ತಿಗೆ ಅವರು ಹೇಳಿದಂತೆ ಫ್ರಿಜ್ಜನ್ನು ಮೂಲೆಗೆ ಸರಿಸಿ, ಅಜ್ಜನ ಮೇಜನ್ನು ತಂದು ನಡುವೆ ಇಟ್ಟು ಮೂರು ವಾರ ಅಡುಗೆ ಮಾಡಿದೆವು. ಕಂಡದ್ದನ್ನು ಬರೆಯುತ್ತೇನೆ, ಇದೇ ಯೋಚನೆಯಲ್ಲಿರುವ ಇತರರಿಗೆ ಉಪಯೋಗವಾಗಬಹುದು.

ಮೊದಲ ವಾರದಲ್ಲೇ ಗೊತ್ತಾದದ್ದೆಂದರೆ, ನಾವು ಅಂದುಕೊಂಡಂತೆ ಮಕ್ಕಳು ಪಶ್ಚಿಮದ ಬದಿಯಲ್ಲಿ ಕೂರಲಿಲ್ಲ. ಒಲೆಯ ಮುಂದೆ ನಿಂತ ನನ್ನ ಜೊತೆ ಮಾತಾಡಲು ಅನುಕೂಲವೆಂದು ಇಬ್ಬರೂ ಉತ್ತರದ ತುದಿಯನ್ನು ಹಿಡಿದರು. ಅಂದರೆ ಫ್ರಿಜ್ಜಿನ ಬಾಗಿಲು ತೆರೆಯುವ ಜಾಗದಲ್ಲೇ ಅವರ ಸ್ಟೂಲುಗಳು. ಎಷ್ಟು ಗದರಿದರೂ ಅಲ್ಲಿಂದ ಕದಲಲಿಲ್ಲ. ಎರಡನೆಯದಾಗಿ, ಮೇಜಿನ ಮೇಲೆ ನಾವು ನಿಜವಾಗಿ ಕೆಲಸ ಮಾಡುತ್ತಿದ್ದದ್ದು ಒಲೆಯ ಕಡೆಗಿರುವ ಎರಡೂವರೆ ಅಡಿಯಲ್ಲಿ ಮಾತ್ರ. ಉಳಿದ ಅರ್ಧ ಎರಡೇ ದಿನದಲ್ಲಿ ವಿದ್ಯುತ್ ಬಿಲ್ಲು, ಬಾಳೆಹಣ್ಣಿನ ಗೊನೆ, ಶಾಲೆಯ ಡೈರಿ ಮತ್ತು ಅರ್ಧ ಬಿಡಿಸಿದ ಅವರೆಕಾಯಿಯ ಮೊರದಿಂದ ತುಂಬಿಹೋಯಿತು. ಮೂರನೆಯದಾಗಿ, 30 ಅಂಗುಲದ ಮೇಜಿನ ಮೇಲೆ ಅತ್ತೆಯವರಿಗೆ ಚಪಾತಿ ಲಟ್ಟಿಸಲು ಬಹಳ ಹಿತವೆನಿಸಿತು, 5 ಅಡಿ 4 ಅಂಗುಲವಿರುವ ನನಗೆ ತರಕಾರಿ ಹೆಚ್ಚುವಾಗ ಬೆನ್ನು ಬಾಗುತ್ತಿತ್ತು. ಮೇಜಿನ ಕಾಲುಗಳ ಕೆಳಗೆ ಒಂದೊಂದೇ ಅಂಗುಲದ ಮರದ ತುಂಡುಗಳನ್ನು ಇಡುತ್ತ ಹೋಗಿ, 32 ಅಂಗುಲಕ್ಕೆ ಇಬ್ಬರೂ ರಾಜಿಯಾದೆವು.

ಹಾಗಾಗಿ ಅಳತೆಯನ್ನು ಬದಲಾಯಿಸಿದ್ದೇವೆ. ಉದ್ದ 4 ಅಡಿಗೆ ಇಳಿಯಿತು. ಉಳಿಸಿದ ಅರ್ಧ ಅಡಿಯನ್ನು ಉತ್ತರಕ್ಕೆ ಬಿಟ್ಟು, ಕಲ್ಲಿನ 6 ಅಂಗುಲದ ಚಾಚನ್ನು ಪಶ್ಚಿಮದ ಬದಲು ಉತ್ತರದ ತುದಿಗೇ ಕೊಟ್ಟಿದ್ದೇವೆ. ಅಗಲ 2 ಅಡಿ ಮಾತ್ರ. 4 ಅಡಿಯ ಕಲ್ಲಿನ ಕೆಳಗೆ ಚೌಕಟ್ಟು ಮೂರೂವರೆ ಅಡಿಗೇ ನಿಲ್ಲುತ್ತದೆ, ಉತ್ತರದ ತುದಿಯಲ್ಲಿ ಅರೆ ಇನ್ನೂ ಅರ್ಧ ಅಡಿ ಒಳಕ್ಕೆ ಹೋಗುತ್ತದೆ. ಕಲ್ಲು 8 ಚದರ ಅಡಿಯಾದ್ದರಿಂದ ಅದರ ತೂಕ 40 ಕಿಲೋಗೆ ಇಳಿದಿದೆ. 32 ಅಂಗುಲದಿಂದ 4 ಅಂಗುಲ ಎತ್ತರದ ಚಕ್ರ, ಮುಕ್ಕಾಲು ಅಂಗುಲದ ಕಲ್ಲು ಕಳೆದು, ಇಪ್ಪತ್ತೇಳೂಕಾಲು ಅಂಗುಲದ ಚೌಕಟ್ಟಿಗೆ ನಿನ್ನೆ ವೆಲ್ಡರಿಗೆ ಮುಂಗಡ ಕೊಟ್ಟು ಬಂದೆವು. ಬಾಗಿಲುಗಳನ್ನೂ ಡ್ರಾಯರ್‌ಗಳನ್ನೂ ಪೂರ್ತಿ ಕೈಬಿಟ್ಟಿದ್ದೇವೆ. ತೆರೆದ ಅರೆಯ ಮೇಲೆ ಪಾತ್ರೆ ಕಾಣುತ್ತಿದ್ದರೆ ಕಾಣಲಿ.

ಮೇಜು ಊಟದ ಕೋಣೆಗೆ ಹಿಂದಿರುಗಿದೆ. ಅತ್ತೆಯವರು ಮಾತ್ರ ಅದರ ಕಾಲಿನ ಕೆಳಗಿನ ಮರದ ತುಂಡುಗಳನ್ನು ತೆಗೆಯಲು ಬಿಡುತ್ತಿಲ್ಲ.

ಕಪ್ಪುಶಿಲೆ ಅವರಿಗೆ ಒಂದು ಕೊನೆಯ ಪ್ರಶ್ನೆ: ಕಲ್ಲನ್ನು ಕಬ್ಬಿಣದ ಚೌಕಟ್ಟಿನ ಮೇಲೆ ನೇರವಾಗಿ ಸಿಲಿಕೋನಿನಿಂದ ಕೂರಿಸಿದಿರೋ, ನಡುವೆ ಪ್ಲೈವುಡ್ ಹಾಕಿದಿರೋ?

ಕಪ್ಪುಶಿಲೆ ಅವರ ಉತ್ತರ

ನಡುವೆ ಪ್ಲೈವುಡ್ ಹಾಕಿದೆ. ಪಕ್ಕದ ಮುಚ್ಚಿಗೆಗಳಿಗೆ ಕತ್ತರಿಸಿ ಮಿಕ್ಕ ತುಂಡುಗಳನ್ನೇ ಚೌಕಟ್ಟಿನ ಅಳತೆಗೆ ಜೋಡಿಸಿ ತಿರುಪು ಹಾಕಿಸಿ, ಅದರ ಮೇಲೆ ಅಂಗೈ ಅಗಲದಷ್ಟು ದೂರಕ್ಕೊಂದರಂತೆ ಸಿಲಿಕೋನಿನ ಬೊಟ್ಟುಗಳನ್ನಿಟ್ಟು ಕಲ್ಲು ಕೂರಿಸಿದೆವು. ಕಟ್ಟೆಯನ್ನು ಉರುಳಿಸುವಾಗ ಚೌಕಟ್ಟು ಕೊಂಚ ತಿರುಚಿಕೊಳ್ಳುತ್ತದೆ. ಕಬ್ಬಿಣದ ವೆಲ್ಡಿಂಗ್ ಗಂಟುಗಳ ಮೇಲೆ ಕಲ್ಲು ನೇರವಾಗಿ ಕುಳಿತಿದ್ದರೆ ಅಲ್ಲಿಂದಲೇ ಬಿರುಕು ಹುಟ್ಟಬಹುದು. ನಿಮ್ಮ ಎತ್ತರದ ಲೆಕ್ಕದಲ್ಲಿ ಈ ಪ್ಲೈವುಡ್ಡಿನ ದಪ್ಪ ಸೇರಿಲ್ಲ. ವೆಲ್ಡರಿಗೆ ಇವತ್ತೇ ಫೋನ್ ಮಾಡಿ ಕಾಲುಗಳನ್ನು ಇಪ್ಪತ್ತಾರೂವರೆ ಅಂಗುಲಕ್ಕೆ ಇಳಿಸಲು ಹೇಳಿ.